ನೀರಿಗೆ ಬೆನ್ನು ಮಾಡದ ಕೊಟ್ರಕ್ಕ

ನಮ್ಮ ಅಕ್ಕ ಕೊಟ್ರಮ್ಮ ನೀರಿಗೆ ಬೆನ್ನು ಮಾಡುತ್ತಿರಲಿಲ್ಲ. ಕಾಲುವೆಗೆ ಕೌದಿ ಒಗೆಯಲು ಹೋದರೂ, ತೆಲಿಗಿಯಲ್ಲಿರುವ ನಮ್ಮ ತವರಿನ ಹೊಲದ ಬಾವಿಯಲ್ಲಿ ಕೈಕಾಲು ತೊಳೆದರೂ, ವಾಪಸು ಬರುವಾಗ ಒಂದಷ್ಟು ದೂರ ಹಿಂದಹಿಂದಕ್ಕೆ ನಡೆಯುತ್ತಿದ್ದಳು. ದಪ್ಪ ಮೈ. ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕೈ ಹಿಂದೆ ಚಾಚಿ ಗಾಳಿಯಲ್ಲಿ ತಡಕಾಡುತ್ತ, ಕಣ್ಣು ಮಾತ್ರ ನೀರಿನ ಮೇಲಿಟ್ಟು ಬರುವಳು. ನೋಡಿದವರಿಗೆ ನಗು ಬರುತ್ತಿತ್ತು. ನನಗೂ ಬರುತ್ತಿತ್ತು. ಈಗ ಹಿಂದೆ ಚಾಚಿದ ಆ ಕೈ ಒಂದೇ ನನ್ನ ಕಣ್ಣ ಮುಂದೆ ಬರುತ್ತದೆ.

ಈ ಅಭ್ಯಾಸ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅಂಡಮಾನಿನಿಂದ ಬಂದದ್ದು.

ಅವಳನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು, ನನ್ನನ್ನು ಹರಪನಹಳ್ಳಿಗೆ. ಭಾವನದು ಬಿತ್ತನೆ ಬೀಜ ಮತ್ತು ದನದ ಹಿಂಡಿಯ ಅಂಗಡಿ. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಶ್ರೀಶೈಲಕ್ಕೆ ಹೋಗಿ ಬಂದಿದ್ದಳು. ಆಮೇಲೆ ಕಾಶಿ, ರಾಮೇಶ್ವರ. ಜನರನ್ನು ಕರೆದುಕೊಂಡು ಹೋಗುವುದು ಅವಳಿಗೆ ರೊಟ್ಟಿ ಬಡಿದಷ್ಟೇ ಸಲೀಸು. ಯಾರಿಗೆ ಬಸ್ಸಿನಲ್ಲಿ ವಾಂತಿ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಅತ್ತೆ ಸೊಸೆಯರನ್ನು ಒಂದೇ ಸೀಟಿನಲ್ಲಿ ಕೂರಿಸಬಾರದು, ಎಲ್ಲ ಅವಳಿಗೆ ಬಾಯಿಪಾಠ. ಗಾಡಿ ಬಿಡುವ ಮೊದಲು ಬಾಗಿಲಲ್ಲಿ ನಿಂತು ಒಂದೇ ಮಾತು ಕೂಗುತ್ತಿದ್ದಳು: "ಎಲ್ಲಾರೂ ಬಂದ್ರೇನು?" ಒಳಗಿನಿಂದ "ಬಂದ್ವಿ" ಎಂಬ ಉತ್ತರ ಬಂದ ಮೇಲೆ ತಾನು ಹತ್ತುವಳು. ಯಾವಾಗಲೂ ಕಡೆಯವಳು ಅವಳೇ.

ಒಂದು ವರ್ಷ ಓಣಿಯ ಹೆಂಗಸರೇ ಅಂದರಂತೆ: "ಕೊಟ್ರಕ್ಕಾ, ದೇವರು ಬೇಕಾದಷ್ಟು ಆದುವು. ಸಾಯೋದರಾಗ ಒಂದ್ಸಲ ವಿಮಾನ ಹತ್ತಸು, ಸಮುದ್ರದ ನಡುವ ಇಳಸು." ದಾವಣಗೆರೆಯ ಏಜೆಂಟೊಬ್ಬ ಟಿಕೆಟ್ಟು, ರೂಮು ನೋಡಿಕೊಂಡ. ಜನ ಕೂಡಿಸಿ ಸಂಭಾಳಿಸುವ ಕೆಲಸ ಅಕ್ಕನದು. ಹಾಗೆ ಮೊದಲ ಸಲ ಅಂಡಮಾನಿಗೆ ಹೋದಳು. ಅಲ್ಲಿ ದಂಡೆಯ ಮೇಲೆ ನಿಂತು, ಜೊತೆಯವರ ಫೋಟೋ ತೆಗೆಯಲೆಂದು ನೀರಿನ ಕಡೆ ಬೆನ್ನು ಮಾಡಿದ್ದಾಳೆ. ಮೊಣಕಾಲೆತ್ತರದ ಒಂದು ತೆರೆ ಬಂದು ಹಿಂದಿನಿಂದ ಕಾಲು ಕಿತ್ತು ಬೀಳಿಸಿತಂತೆ. ದೊಡ್ಡ ತೆರೆಯೇನಲ್ಲ. ಆದರೂ ಎಳೆದುಕೊಂಡು ಹೊರಟಿತ್ತು. ಅಲ್ಲಿದ್ದ ದೋಣಿಯವನು ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಅವನು ತೆಲುಗಿನವನು, ತಾತನ ಕಾಲದಿಂದ ಅಲ್ಲೇ ಇದ್ದವನು. ಅಕ್ಕನಿಗೆ ನಮ್ಮ ಬಳ್ಳಾರಿ ಕಡೆಯ ಅರ್ಧಂಬರ್ಧ ತೆಲುಗು ಬರುತ್ತಿತ್ತು. ಸಮುದ್ರಕ್ಕೆ ಬೆನ್ನು ತೋರಿಸಬಾರದಮ್ಮ ಎಂದನಂತೆ.

ಆ ಮಾತನ್ನು ಅವಳು ಹಾಗೇ ಕಟ್ಟಿಕೊಂಡು ಬಂದಳು. ನಮ್ಮ ಕಡೆ ಗದ್ದುಗೆಗೆ ಹಣೆ ಹಚ್ಚಿದ ಮೇಲೆ ದೇವರಿಗೆ ಬೆನ್ನು ಮಾಡಿ ಬರುವುದಿಲ್ಲ. ಕೈ ಮುಗಿದುಕೊಂಡು ಹಿಂದಹಿಂದಕ್ಕೆ ಸರಿಯುತ್ತ ಬಾಗಿಲು ದಾಟುತ್ತೇವೆ. ಕೊಟ್ಟೂರಿನಲ್ಲಿ ಚಿಕ್ಕಂದಿನಿಂದ ಹಾಗೆ ನಡೆದು ನಡೆದು ನಮಗೆ ಹೊಸ್ತಿಲು ಕಾಲಿಗೇ ಗೊತ್ತು. ದೋಣಿಯವನ ಮಾತು ಅಕ್ಕನ ಮನಸ್ಸಿನಲ್ಲಿ ಹೋಗಿ ಕೂತದ್ದು ಆ ಜಾಗದಲ್ಲಿ. ಸಮುದ್ರಕ್ಕೆ ಮಾತ್ರ ಏಕೆ, ಎಲ್ಲ ನೀರಿಗೂ ಅದೇ ಮರ್ಯಾದೆ ಎಂದು ಹಿಡಿದಳು.

ಇದರಿಂದ ಊರಿನಲ್ಲಿ ಒಂದು ತೊಡಕಾಯಿತು. ಬಾಣಂತಿ ಗಂಗಿ ಪೂಜೆಗೆ ಹೋದಾಗ, ಬಾವಿಗೋ ಬೋರಿಗೋ ಅರಿಶಿನ ಕುಂಕುಮ ಹಚ್ಚಿ, ಬಳೆ, ಖಣ, ಕೊಬ್ಬರಿ ಇಟ್ಟು ಉಡಿ ತುಂಬಿ, ಬಿಂದಿಗೆ ಹೊತ್ತು ಹೊರಟ ಮೇಲೆ ಯಾರೂ ಹಿಂದಕ್ಕೆ ಹೊರಳಿ ನೋಡಬಾರದು. ನಮ್ಮ ಮನೆತನಗಳಲ್ಲಿ ಇದು ಗಟ್ಟಿ. ನೋಡಿದರೆ ಗಂಗವ್ವ ಬೆನ್ನು ಹತ್ತಿ ಬರುತ್ತಾಳೆ ಎನ್ನುತ್ತಾರೆ. ಅಂಥ ಒಂದು ಪೂಜೆಯಲ್ಲಿ ಎಲ್ಲರೂ ಮನೆಯ ಕಡೆ ಮುಖ ಮಾಡಿ ಸಾಲಾಗಿ ಹೊರಟರೆ, ಅಕ್ಕ ಕಡೆಯಲ್ಲಿ ಬೋರಿನ ಕಡೆಗೇ ಮುಖ ಮಾಡಿ ಹಿಂದಹಿಂದಕ್ಕೆ ಬರುತ್ತಿದ್ದಾಳೆ. ಭಾವನ ಸೋದರತ್ತೆ ಹಾಲವ್ವ ಅದನ್ನು ಕಂಡರು. ಅವರದು ಹಡಗಲಿ ಕಡೆಯ ಹೊಳೆದಂಡೆಯ ಊರು. ಗಂಗವ್ವನ ವಿಷಯದಲ್ಲಿ ಅವರ ಮಾತೇ ಮಾತು.

"ಏ ಕೊಟ್ರೀ, ಬುದ್ಧಿ ಐತೇನು? ಹೊಳ್ಳಿ ನೋಡಬಾರದು ಅಂತ ಗೊತ್ತಿಲ್ಲೇನು ನಿನಗ?"

"ನಾ ಹೊಳ್ಳಿ ನೋಡಿಲ್ಲತ್ತಿ," ಎಂದಳು ಅಕ್ಕ. "ನಾ ಹೊಳ್ಳೇ ಇಲ್ಲ."

ಹೆಂಗಸರೆಲ್ಲ ಬಿಂದಿಗೆ ಅಲುಗುವಂತೆ ನಕ್ಕರು. ಹಾಲವ್ವ ನಗಲಿಲ್ಲ.

ಪ್ರವಾಸಕ್ಕೆ ಹೊರಡುವ ಮೊದಲು ಅಕ್ಕ ತನ್ನ ಮನೆಯ ಪಡಸಾಲೆಯಲ್ಲಿ ಒಂದು ಪಾಠ ಇಡುತ್ತಿದ್ದಳು. ಹೋಗುವವರೆಲ್ಲ ಬರಲೇಬೇಕು. ಬರದವರನ್ನು ಕರೆದೊಯ್ಯುತ್ತಿರಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಮುಗಿದ ಮೇಲೆ ಅವಳು ಗೋಡೆಗೆ ಒರಗಿ ನಿಂತು ಶುರು ಮಾಡುವಳು. ನಾನೂ ಜೊತೆಗೆ ಹೋಗಿದ್ದ ಸಲದ ಪಾಠ ನನಗೆ ಇನ್ನೂ ನೆನಪಿದೆ. ಕೂಡ್ಲಿಗಿಯ ಬಸಣ್ಣ ಮುಂದಿನ ಸಾಲಿನಲ್ಲೇ ಕೂತಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಬಾಯಿಬಡುಕ. ನನ್ನ ಯಂತ್ರವನ್ನು ಬಿಚ್ಚಿದಾಗಲೆಲ್ಲ ತನ್ನ ಈಜಿನ ಕಥೆ ಹೇಳುತ್ತಿದ್ದ.

"ನೋಡ್ರಿ, ಅಲ್ಲಿ ಹೊತ್ತು ನಮಗಿಂತ ಮೊದಲ ಏಳ್ತೈತಿ, ಮೊದಲ ಮುಣುಗ್ತೈತಿ," ಎಂದಳು ಅಕ್ಕ. "ಇಲ್ಲಿ ನೀವು ಸಂಜಿ ಚಾಕ್ಕ ಇಡೋ ಹೊತ್ತಿಗೆ ಅಲ್ಲಿ ಕತ್ತಲಾಗಿರ್ತೈತಿ. ಕತ್ತಲಾದ ಮ್ಯಾಲೆ ನೀರಿನ ಕಡಿ ಯಾರೂ ಹೋಗಂಗಿಲ್ಲ. ಹಡಗು ಹತ್ತೋ ಮುಂದ ಹೊಟ್ಟಿ ಬಿರಿಯಂಗ ತಿನ್ನಬ್ಯಾಡ್ರಿ, ಖಾಲಿನೂ ಇರಬ್ಯಾಡ್ರಿ. ಎರಡು ತುತ್ತು ಅನ್ನ, ಒಂದು ಗುಳಗಿ. ಗುಳಗಿ ಹತ್ತೋಕಿಂತ ಮೊದಲ ನುಂಗ್ರಿ. ವಾಂತಿ ಶುರುವಾದ ಮ್ಯಾಲೆ ನುಂಗಿದ್ರ ಅದು ಮೀನಿನ ಹೊಟ್ಟಿಗೆ ಹೋಗ್ತೈತಿ, ನಿಮ್ಮ ಹೊಟ್ಟಿಗಲ್ಲ."

"ಕಿಡಿಕಿ ಪಕ್ಕದ ಸೀಟು ನನಗಿರ್ಲಿ ಕೊಟ್ರಕ್ಕ," ಎಂದ ಬಸಣ್ಣ.

"ನಡುವ ಕೂಡು ನೀನು. ನಡುವ ಓಲಾಡೋದು ಕಡಿಮಿ. ಕಿಡಿಕ್ಯಾಗ ನೋಡಾಕ ನೀರ ಐತಿ, ಮತ್ತೇನೂ ಇಲ್ಲ. ಇನ್ನ ಕೊರಳಾಗಿನ ಲಿಂಗದ ಕರಡಗಿ ಬೆಳ್ಳೀದು, ವಿಮಾನದ ಬಾಗಲಾಗ ಯಂತ್ರ ಕುಂಯ್ ಅಂತೈತಿ. ಹೆದರಿ ಓಡಬ್ಯಾಡ್ರಿ. ಸೆರಗು ಸರಿಸಿ ತೋರಸ್ರಿ, ದೇವರು ಅನ್ರಿ, ಬಿಡ್ತಾರ. ಒಣಕೊಬ್ಬರಿ ಮಾತ್ರ ಯಾವ ಚೀಲದಾಗೂ ಇಡಬ್ಯಾಡ್ರಿ. ಅದಕ್ಕ ಬೆಂಕಿ ಹತ್ತತೈತಂತ, ಕಸಗಂತಾರ. ಶೇಂಗಾ ಚಟ್ನಿ ತರ್ರಿ, ಕಟಕ ರೊಟ್ಟಿ ತರ್ರಿ. ಅಲ್ಲಿ ಎಲ್ಲಾದಕ್ಕೂ ಮೀನಿನ ವಾಸನಿ, ಮೊದಲ ಹೇಳಿರ್ತೀನಿ."

ಮುಂದೆ ಅವಳ ದನಿ ತಗ್ಗುತ್ತಿತ್ತು. ಚಪ್ಪಲಿ ಬಿಟ್ಟು ನೀರಿಗಿಳಿಯಬೇಡಿ, ಒಳಗೆ ಹವಳದ ಕಲ್ಲು ಬ್ಲೇಡಿನ ಹಾಗೆ ಕುಯ್ಯುತ್ತದೆ. ತೆಂಗಿನ ಮರದ ಕೆಳಗೆ ಮಲಗಬೇಡಿ. ಮೊಸಳೆ ಇದೆ ಎಂದು ಬೋರ್ಡು ಹಾಕಿದ ಕಡೆ ಬೋರ್ಡಿನ ಜೊತೆ ಫೋಟೋ ತೆಗೆಸಿಕೊಳ್ಳಬೇಡಿ. ಕಾಡಿನ ರಸ್ತೆಯಲ್ಲಿ ಅಲ್ಲಿನ ಮೂಲದ ಜನ ಕಂಡರೆ ಸುಮ್ಮನೆ ಕೂತಿರಿ, ಫೋಟೋ ಹೊಡೆಯಬೇಡಿ, ತಿನ್ನಲು ಎಸೆಯಬೇಡಿ. ಅದು ಅವರ ಮನೆ, ನಾವು ಅಂಗಳ ದಾಟುತ್ತಿರುವವರು.

"ಶಂಖ, ಕವಡಿ, ಹವಳದ ಚೂರು, ಒಂದೂ ತರಬ್ಯಾಡ್ರಿ. ಹಿಡಿದ್ರ ದಂಡ ಹಾಕ್ತಾರ, ಅದು ಬ್ಯಾರೆ ಮಾತು. ಸಮುದ್ರದ್ದು ಸಮುದ್ರಕ್ಕ ಇರ್ಲಿ. ನಾವು ಅದರದ್ದು ತಗಂಡ್ರ ಅದು ನಮ್ಮದು ಕೇಳ್ತೈತಿ."

ಮಿರ್ಚಿಯ ಎಣ್ಣೆ ಹತ್ತಿದ ಕಾಗದ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು.

"ಅಲ್ಲಬೇ," ಎಂದ ಬಸಣ್ಣ, "ಕರಕೊಂಡು ಹೋಗಾಕತ್ತೀಯೋ ಹೆದರಸಾಕತ್ತೀಯೋ? ನಾ ಹುಟ್ಟಿದಾಗಿಂದ ಬಾವ್ಯಾಗ ಈಸು ಬಿದ್ದಾಂವ."

"ಬಾವಿ ಇದ್ದಲ್ಲೇ ಇರ್ತೈತಿ ಬಸಣ್ಣ. ನೀನಾಗೇ ಹೋಗಿ ಬೀಳಬೇಕು. ಇದು ಎದ್ದು ಬರ್ತೈತಿ."

ಕಡೆಯ ಮಾತು ಪ್ರತಿ ಸಲವೂ ಫೋನಿನದೇ. "ಅಲ್ಲಿ ಸಿಗ್ನಲ್ ಬರ್ತೈತಿ, ಹೋಗ್ತೈತಿ. ಮನ್ಯಾಗ ಈಗ್ಲೇ ಹೇಳಿ ಬರ್ರಿ. ಎರಡು ದಿನ ಫೋನ್ ಬರಲಿಲ್ಲಂದ್ರ ಅಳಾಕ ಕೂಡಬ್ಯಾಡ್ರಿ, ನಾವು ಆರಾಮ ಇರ್ತೀವಿ ಅಂತ."

ಆ ಪ್ರವಾಸದಲ್ಲಿ ಬಸಣ್ಣ ಅವಳ ಮಾತು ಕೇಳಲಿಲ್ಲ. ದ್ವೀಪದಲ್ಲಿ ಇಳಿದ ಮರುದಿನವೇ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ಸಮುದ್ರಕ್ಕೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ, "ಹೊಡೀ ಪಾರೀ ಫೋಟೋ" ಎಂದು ನನ್ನನ್ನು ಕೂಗಿದ. ಅವನ ಹಿಂದೆ ನೀರು ಮೇಲೇಳುವುದು ನನಗೆ ಫೋನಿನ ಪರದೆಯಲ್ಲಿ ಕಾಣಿಸಿತು. ಬಾಯಿ ತೆರೆಯುವಷ್ಟರಲ್ಲಿ ಅವನು ಇರಲಿಲ್ಲ. ಅಕ್ಕ ಮಾತ್ರ ಆಗಲೇ ಓಡುತ್ತಿದ್ದಳು. ಅವಳೂ ಅದೇ ದೋಣಿಯವನೂ ಸೇರಿ ಅವನನ್ನು ಎಳೆದು ಹಾಕಿದಾಗ ಮೂಗು ಬಾಯಿಯಲ್ಲೆಲ್ಲ ಮರಳು. ಹೊಸದಾಗಿ ಕಟ್ಟಿಸಿದ್ದ ಹಲ್ಲಿನ ಸೆಟ್ಟು ಬಾಯಿಯಲ್ಲಿ ಇರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೊಚ್ಚುಬಾಯಿಯಲ್ಲಿ ಅವನೂ ನಕ್ಕ.

ಅಕ್ಕ ಅವನ ತಲೆ ಒರೆಸುತ್ತ ಸಮುದ್ರವನ್ನೇ ನೋಡುತ್ತಿದ್ದಳು. "ನಗು, ನಗು. ಈ ಸಲ ಹಲ್ಲು ತಗಂಡೈತಿ," ಎಂದಳು.

ಬಸಣ್ಣ ಇದನ್ನು ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ಎಲ್ಲರಿಗೂ ಹೇಳಿ ನಗಿಸಿದ. ಈಗ ಯಾರಾದರೂ ಕೇಳಿದರೆ ಹೇಳುವುದಿಲ್ಲ.

ಇಷ್ಟು ಹೆದರುವವಳು ಮತ್ತೆ ಮತ್ತೆ ಏಕೆ ಹೋಗುತ್ತಾಳೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕೇಳಿಯೂ ಬಿಟ್ಟೆ. ಅವಳು ನನ್ನನ್ನು ತುಂಗಭದ್ರೆಯ ಹಿನ್ನೀರಿನ ಕಡೆ ಕರೆದುಕೊಂಡು ಹೋದಳು. ಭಾವನ ಅಜ್ಜನ ಊರು ಡ್ಯಾಮು ಕಟ್ಟಿದಾಗ ಆ ನೀರಿನಲ್ಲಿ ಹೋಯಿತು. ಬೇಸಿಗೆಯಲ್ಲಿ ನೀರು ಸರಿದರೆ ಮನೆಗಳ ತಳಪಾಯ ಕಾಣುತ್ತದೆ, ಒಡೆದ ಒರಳುಗಳು ಕಾಣುತ್ತವೆ. ಅಂದು ಒಂದು ಬಾಗಿಲಿನ ಹೊಸ್ತಿಲು ಕಲ್ಲಷ್ಟೇ ಕೆಸರಿನಲ್ಲಿ ಎದ್ದು ನಿಂತಿತ್ತು, ಅದರ ಮೇಲೆ ಒಂದು ಬೆಳ್ಳಕ್ಕಿ. ಹೊಸ್ತಿಲಿನ ಆಚೆ ಬರೀ ನೀರು.

"ಇದು ನಿಂತ ನೀರು ಪಾರಿ. ಇದ ಊರು ನುಂಗೈತಿ," ಎಂದಳು. ಆಚೆಯ ನೀರನ್ನೇ ನೋಡುತ್ತ, "ಅಲ್ಲೀದು ನೋಡಬೇಕು ಅನಸ್ತೈತಿ ನನಗ. ಅದರ ಮುಂದ ನಿಂತ್ರ ಮನ್ಯಾಗಿನ ಯಾವ ಚಿಂತಿನೂ ನೆನಪಿಗೆ ಬರಂಗಿಲ್ಲ. ಹೆದರಿಕಿ ಅಂತ ನೋಡದ ಇರಾಕಾಗ್ತೈತೇನು?" ಎಂದಳು.

ನಾವು ವಾಪಸು ಹೊರಟೆವು. ನಾನು ಮುಂದೆ. ಅವಳು ಎಂದಿನಂತೆ ಹಿಂದಹಿಂದಕ್ಕೆ. ಕೆಸರಿನಲ್ಲಿ ಹೂತಿದ್ದ ಒಂದು ಬೇರಿಗೆ ಅವಳ ಹಿಮ್ಮಡಿ ತಾಗಿ ಮುಗ್ಗರಿಸಿದಳು. ನಾನು ಹಿಡಿದುಕೊಂಡೆ. "ಹಿಂದಕ ಕಣ್ಣಿಲ್ಲ ನೋಡವಾ ನಮಗ," ಎಂದು ನಕ್ಕಳು.

ಈ ವರ್ಷದ ಬೇಸಿಗೆಯಲ್ಲಿ ಅವಳ ಮಗಳು ಸುಮಾ ಚೊಚ್ಚಲ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಪ್ರವಾಸ ಅದಕ್ಕೂ ಮೊದಲೇ ಗೊತ್ತಾಗಿತ್ತು. ಹೆರಿಗೆಗೆ ಇನ್ನೂ ದಿನವಿತ್ತು. ಆದರೂ ಭಾವ ಎಂದೂ ಆಡದವರು ಅಂದು ಬಾಯಿ ಬಿಟ್ಟು, "ಈ ಸಲ ಬ್ಯಾಡ ಬಿಡು," ಎಂದರು.

"ಬರ್ತೀನಿ ಅಂತ ಮಾತು ಕೊಟ್ಟೀನಿ. ನನ್ನ ನಂಬಿ ಹೊಂಟಾವು ಮುದುಕ್ಯಾರು," ಎಂದಳು ಅಕ್ಕ. "ಕರಕೊಂಡು ಹೋಗಾಕಿ ನಾನ, ಕರಕೊಂಡು ಬರಾಕೀನೂ ನಾನ. ಸುಮಾನ ಹೊಟ್ಟ್ಯಾಗಿಂದು ನನ್ನ ಕೈಯಾಗ ಬೀಳಬೇಕು. ಅಷ್ಟರಾಗ ಬಂದಿರ್ತೀನಿ."

ಆ ಸಲ ಹಾಲವ್ವನೂ ಹೊರಟಿದ್ದರು. ಊರಿನಿಂದ ಬೆಂಗಳೂರಿಗೆ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದರು. ಅಂದು ಬೆಳಿಗ್ಗೆ ನಾನು ಹರಪನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದೆ, ಅಕ್ಕ ಬರುವತನಕ ಸುಮಾಳ ಜೊತೆಗಿರಲು. ಗಾಡಿ ಅಂಗಡಿಯ ಮುಂದೆ ನಿಂತಿತ್ತು. ಅಕ್ಕ ಬಾಗಿಲಲ್ಲಿ ನಿಂತು ಕೂಗಿದಳು. ಒಳಗಿನಿಂದ ಉತ್ತರ ಬಂತು. ಹತ್ತುವ ಮೊದಲು ನನ್ನ ಕಡೆ ಬಂದು ನನ್ನ ಸೆರಗಿನ ತುದಿಗೆ ತನ್ನ ಕೈ ಒರೆಸಿಕೊಂಡಳು. ಅದು ಅವಳ ಚಿಕ್ಕಂದಿನ ಚಟ.

"ಸುಮಾ ಹುಳಿ ಕೇಳಿದ್ರ ಕೊಡು. ಮೆಟ್ಟಲ ಇಳಿಯೋ ಮುಂದ ಕೈ ಹಿಡಕೊ. ಫೋನ್ ಬರಲಿಲ್ಲಂದ್ರ ಗಾಬ್ರಿ ಬೀಳಬ್ಯಾಡ."

"ಪಾಠ ನನಗೂ ಹೇಳ್ತೀಯೇನಬೇ?" ಎಂದೆ.

"ನಿನಗ ಹೇಳದ ಇನ್ನ್ಯಾರಿಗೆ ಹೇಳ್ಲಿ?" ಎಂದು ಗಾಡಿ ಹತ್ತಿದಳು. ಗಾಡಿ ತಿರುಗಿದಾಗ ಅವಳು ಆಗಲೇ ಯಾರದೋ ಚೀಲ ಮೇಲಿಡುತ್ತಿದ್ದಳು. ಬೆನ್ನಷ್ಟೇ ಕಾಣಿಸಿತು.

ಹೋದ ಮೇಲೆ ವಿಮಾನ ನಿಲ್ದಾಣದಿಂದ ಒಂದು ಫೋನು, ದ್ವೀಪದಲ್ಲಿ ಇಳಿದ ಮೇಲೆ ಒಂದು ಫೋನು ಬಂತು. ಮೊದಲನೆಯದರಲ್ಲಿ ನಗುತ್ತಿದ್ದಳು. ಪಾಠದ ಮಾತು ಕೇಳದೆ ಹಾಲವ್ವ ಸೀರೆಯ ಮಡಿಕೆಯಲ್ಲಿ ಕೊಬ್ಬರಿ ಬಟ್ಟಲು ಬಚ್ಚಿಟ್ಟುಕೊಂಡು ಬಂದಿದ್ದರಂತೆ. ತಪಾಸಣೆಯವರು ಹುಡುಕಿ ತೆಗೆದಿಟ್ಟರಂತೆ. "ಕೊಬ್ಬರಿ ಬಟ್ಲಾಗ ಬಾಂಬು ಇರ್ತೈತೇನೋ ತಮ್ಮಾ ಅಂತ ಜಗಳಕ್ಕ ನಿಂತಾಳ ನಮ್ಮತ್ತಿ," ಎಂದಳು. ಹಿಂದಿನಿಂದ ಹಾಲವ್ವನ ದನಿ ಕೇಳಿಸುತ್ತಿತ್ತು: "ಗಂಗವ್ವನ ಉಡ್ಯಾಗಿಂದು ಕಸಗಂಡ್ರು. ಶಕುನ ಚಲೋ ಆಗಲಿಲ್ಲ ನೋಡು."

ಆಮೇಲೆ ಫೋನು ಬರಲಿಲ್ಲ. ಒಂದು ದಿನ ಹೋಯಿತು, ಮತ್ತೊಂದು ದಿನ ಹೋಯಿತು. ನಾವು ಗಾಬರಿಯಾಗಲಿಲ್ಲ. ಗಾಬರಿಯಾಗಬಾರದೆಂದು ಅವಳೇ ಹೇಳಿದ್ದಳಲ್ಲ. ಸುಮಾ ಕೇಳಿದರೆ, "ಸಿಗ್ನಲ್ ಇರಂಗಿಲ್ಲವಾ," ಎನ್ನುತ್ತಿದ್ದೆ. ಅವಳಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಟ್ಟೆ. ನಾನೂ ತಿಂದೆ. ಆ ಹೊತ್ತಿಗೆ ಅಲ್ಲಿ ಅಕ್ಕನನ್ನು ಹುಡುಕುತ್ತಿದ್ದರು. ಅಲ್ಲಿದ್ದ ನಮ್ಮ ಜನಕ್ಕೆ ಫೋನಿನಲ್ಲಿ ನಮ್ಮನ್ನು ಹಿಡಿಯಲಾಗದೆ, ಕಡೆಗೆ ಸುದ್ದಿ ದಾವಣಗೆರೆಯ ಏಜೆಂಟನಿಂದ ಭಾವನಿಗೆ ಬಂತು. ಹಟ್ಟಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದ ನನಗೆ ಅಂಗಡಿಯ ಷಟರು ಇಳಿದ ಸದ್ದು ಕೇಳಿಸಿತು. ಸಂತೆಯ ದಿನ ನಡುಮಧ್ಯಾಹ್ನ ಭಾವ ಎಂದೂ ಅಂಗಡಿ ಮುಚ್ಚಿದವರಲ್ಲ.

ನಡೆದದ್ದನ್ನು ನನಗೆ ಹೇಳಿದವರು ಹಾಲವ್ವ. ಊರಿಗೆ ಬಂದ ಮೇಲೆ ಹಡಗಲಿಗೆ ಹೋಗದೆ ಅಕ್ಕನ ಮನೆಯ ಮೂಲೆಯಲ್ಲೇ ಕೂತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

"ಸಮುದ್ರಕ್ಕ ಉಡಿ ತುಂಬೋದು ಬ್ಯಾಡ ಅಂದ್ಲು ಪಾರಿ. ಕೈ ಮುಗೀರಿ ಸಾಕು, ಉಡಿ ನಮ್ಮ ಹೊಳ್ಯಾಗ ಬಿಡ್ರಿ ಅಂದ್ಲು. ನಾನ ಹಟ ಹಿಡಿದೆ. ಅಷ್ಟು ದೊಡ್ಡ ಗಂಗವ್ವನ ಮನಿಗೆ ಹೋಗಿ ಬರಿಗೈಲೆ ಹೆಂಗ ಬರೋದು? ಅದರಾಗ ಮನ್ಯಾಗ ಬಸುರಿ ಮಗಳು. ಕೊಬ್ಬರಿ ಬ್ಯಾರೆ ಕಸಗಂಡಿದ್ರು, ನನಗ ಎದಿ ಡವ ಡವ ಅಂತಿತ್ತು. ನಿನ್ನ ಮಗಳ ಸಲುವಾಗಿ ಕೊಟ್ರಿ, ಆಕೀ ಬಾಣಂತನ ಹಗುರಾಗ್ಲಿ ಅಂತ ತುಂಬತೀನಿ ಅಂದೆ. ಸುಮಾನ ಹೆಸರು ಹೇಳಿದ ಮ್ಯಾಲೆ ಸುಮ್ಮನಾದ್ಲು."

ದ್ವೀಪದಿಂದ ವಾಪಸು ಹಡಗು ಹಿಡಿಯುವ ದಿನದ ಬೆಳಿಗ್ಗೆ. ನೀರು ಏರುವ ಹೊತ್ತು, ಇಳಿದ ಮೇಲೆ ಹೋಗಿ ಎಂದಿದ್ದನಂತೆ ದೋಣಿಯವನು. ಇಳಿಯುವಷ್ಟರಲ್ಲಿ ಹಡಗು ಹೋಗಿಬಿಡುತ್ತಿತ್ತು. ಅಕ್ಕ ಒಂದು ಏರ್ಪಾಟು ಮಾಡಿದಳು. ಹೆಂಗಸರು ದಂಡೆಯ ಹಸಿ ಮರಳಿನಲ್ಲಿ ಅರಿಶಿನ ಕುಂಕುಮ ಇಡಬೇಕು. ಹಸಿರು ಬಳೆ, ಕುಪ್ಪಸದ ಖಣ, ಅಲ್ಲಿಯೇ ಕೊಂಡ ತೆಂಗಿನಕಾಯಿ ಬಿಡಬೇಕು. ಬಿಟ್ಟವರೇ ತೆಂಗಿನ ಮರಗಳತ್ತ ಹೊರಡಬೇಕು. ಅವರ ಪದ್ಧತಿಯಂತೆ ಯಾರೂ ಹೊರಳಿ ನೋಡುವುದು ಬೇಡ. ತಾನು ಕಡೆಯಲ್ಲಿ, ತನ್ನ ಪದ್ಧತಿಯಂತೆ, ಸಮುದ್ರದ ಮೇಲೆ ಕಣ್ಣಿಟ್ಟು ಹಿಂದಹಿಂದಕ್ಕೆ ಬರುತ್ತೇನೆ. ಏನಾದರೂ ಎದ್ದರೆ ಕೂಗುತ್ತೇನೆ, ಓಡಿ ಎಂದಳಂತೆ.

"ನಡೀರಿ ನೀವು, ನಿಮ್ಮ ಬೆನ್ನಿಗೆ ನಾ ಅದೀನಿ ಅಂದ್ಲು," ಎಂದರು ಹಾಲವ್ವ. "ನಾವು ನಡದ್ವಿ. ನಡೀರಿ, ನಡೀರಿ ಅಂತ ಹಿಂದಿಂದ ಆಕೀ ದನಿ ಬರತಿತ್ತು. ಆಮ್ಯಾಲೊಮ್ಮೆ ಲಗೂ ನಡೀರಿ ಅಂದ್ಲು. ನಾವು ಲಗೂ ನಡದ್ವಿ. ಆಮ್ಯಾಲೆ ದನಿ ಬರಲಿಲ್ಲ. ಸಮುದ್ರದ ಸಪ್ಪಳದಾಗ ಕೇಳವಲ್ದು ಅಂದ್ಕಂಡ್ವಿ. ಹೊಳ್ಳಿ ನೋಡಂಗಿಲ್ಲಲ್ಲ ಪಾರಿ. ಯಾರೂ ನೋಡಲಿಲ್ಲ. ಗಿಡದ ಬುಡಕ್ಕ ಹೋದ ಮ್ಯಾಲೆ ನೋಡಿದ್ವಿ."

ಮರಳಿನಲ್ಲಿ ಅರ್ಧ ಹೂತಿದ್ದ ಒಂದು ಮರದ ದಿಮ್ಮಿ ಇತ್ತಂತೆ. ಹೋಗುವಾಗ ಎಲ್ಲರೂ ಅದನ್ನು ದಾಟಿಕೊಂಡೇ ಹೋಗಿದ್ದರು. ಅದರ ಪಕ್ಕದಲ್ಲಿ ಅಕ್ಕನ ಒಂದು ಚಪ್ಪಲಿ. ದಿಮ್ಮಿಯ ಮೇಲೆ ನೀರು ಹತ್ತಿ ಇಳಿಯುತ್ತಿತ್ತು.

ಭಾವ ಅಂಡಮಾನಿಗೆ ಹೋದರು. ಮನೆಯಲ್ಲಿ ಅಷ್ಟು ಪಾಠ ನಡೆದರೂ ಒಂದನ್ನೂ ಕಿವಿಗೆ ಹಾಕಿಕೊಳ್ಳದ ಮನುಷ್ಯ ಗುಳಿಗೆ ನುಂಗದೆ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ದ್ವೀಪ ಮುಟ್ಟಿದರು. ದಿನವೂ ದಂಡೆಯಲ್ಲಿ ಕೂತರು. ಸಮುದ್ರ ಏನನ್ನೂ ಕೊಡಲಿಲ್ಲ. ಆ ದೋಣಿಯವನು ದಿನಾ ಬಂದು ಅವರ ಪಕ್ಕದಲ್ಲಿ ಕೂರುತ್ತಿದ್ದನಂತೆ. ಒಂದು ದಿನ ಅತ್ತುಬಿಟ್ಟನಂತೆ.

"ಅಡ್ಡ ನಡೀಬೇಕಿತ್ತಂತ," ಎಂದರು ಭಾವ ವಾಪಸು ಬಂದ ದಿನ, ಚೀಲವನ್ನೂ ಕೆಳಗಿಡದೆ. "ಏಡಿ ನಡದಂಗ. ಒಂದು ಕಣ್ಣು ನೀರಿನ ಮ್ಯಾಲೆ, ಒಂದು ಕಣ್ಣು ದಾರಿ ಮ್ಯಾಲೆ. ಹಿಂದಹಿಂದಕ ನಡೀರಿ ಅಂತ ನಾ ಯಾವಾಗ ಹೇಳಿದ್ದೆ ಅಂತ ಅತ್ತ."

ನಾನು ಅವರ ಕೈಯಿಂದ ಚೀಲ ಇಸಿದುಕೊಂಡೆ. ದೇವರ ಮುಂದಿನಿಂದ ಯಾರಾದರೂ ಅಡ್ಡಡ್ಡ ಬರುತ್ತಾರೆಯೇ? ನಮಗೆ ಗೊತ್ತಿದ್ದ ನಡಿಗೆ ಅದೊಂದೇ. ಗದ್ದುಗೆಯ ಮುಂದಾದರೆ ಹೊಸ್ತಿಲು ಕಾಲಿಗೆ ಗೊತ್ತಿರುತ್ತದೆ.

ಮಣ್ಣು ಮಾಡಲು ಏನೂ ಸಿಗದ ಮನೆಯಲ್ಲಿ ದುಃಖಕ್ಕೆ ಕೂರಲು ಜಾಗವಿರುವುದಿಲ್ಲ. ಮಠದ ಅಯ್ಯನವರು ಅವಳ ವಿಭೂತಿ ಗಟ್ಟಿಯನ್ನೂ ಉಟ್ಟು ಬಿಟ್ಟಿದ್ದ ಒಂದು ಸೀರೆಯನ್ನೂ ಹೊಲದಲ್ಲಿ ಮಣ್ಣಿಗಿಡಿಸಿದರು. ಚಪ್ಪಲಿಯನ್ನು ಭಾವ ಕೊಡಲಿಲ್ಲ. ಅದು ಅಂಗಡಿಯಲ್ಲಿ ಹಿಂಡಿ ಚೀಲಗಳ ಹಿಂದೆ ಇದೆ. ಪಡಸಾಲೆಯಲ್ಲಿ ಅಕ್ಕ ಒರಗಿ ನಿಲ್ಲುತ್ತಿದ್ದ ಗೋಡೆಯಲ್ಲಿ ಅವಳ ತಲೆಯ ಎಣ್ಣೆಯ ಗುರುತು ಇದೆ. ಸುಣ್ಣ ಹೊಡೆಸುವಾಗ ಅಷ್ಟು ಬಿಡಿ ಎಂದೆ. ಬಿಟ್ಟಿದ್ದಾರೆ.

ಸುಮಾಳ ಹೆರಿಗೆ ಹಗುರವಾಗಿಯೇ ಆಯಿತು. ಹೆಣ್ಣು ಮಗು. ನನ್ನ ಕೈಯಲ್ಲೇ ಬಿತ್ತು. ಹಾಲವ್ವ ಮಗುವಿನ ಮುಖ ನೋಡಿ, "ಬ್ಯಾಡವಾ ಇಷ್ಟು ಹಗುರ," ಎಂದು ಸೆರಗು ಬಾಯಿಗೆ ತುರುಕಿಕೊಂಡರು.

ಮೊನ್ನೆ ಗಂಗಿ ಪೂಜೆ ಮಾಡಿದೆವು. ಬೇಡವೆಂದವರೂ ಇದ್ದರು. ಸುಮಾಳೇ ಮಾಡೋಣ ಎಂದಳು. ಮನೆಯ ಹಿಂದಿನ ಓಣಿಯ ತುದಿಯಲ್ಲಿ ಬೋರು, ಅದಕ್ಕೊಂದು ನಲ್ಲಿ. ನಲ್ಲಿಗೆ ಅರಿಶಿನ ಹಚ್ಚಿ, ಉಡಿ ತುಂಬಿ, ಸುಮಾಳ ತಲೆಯ ಮೇಲೆ ಪುಟ್ಟ ಬಿಂದಿಗೆ ಇಟ್ಟೆವು. ಹಿರಿಯರೆಂದು ಹಾಲವ್ವ ಮುಂದೆ, ಅವರ ಹಿಂದೆ ಸುಮಾ, ಆಮೇಲೆ ಓಣಿಯ ಹೆಂಗಸರು. ಆರತಿ ತಟ್ಟೆ ಹಿಡಿದು ನಾನು ಕಡೆಯಲ್ಲಿ. ಎಲ್ಲರೂ ಮನೆಯ ಕಡೆ ಮುಖ ಮಾಡಿ ಹೊರಟೆವು. ಹಿಂದೆ ನಲ್ಲಿ ಸರಿಯಾಗಿ ನಿಂತಿರಲಿಲ್ಲ, ನೀರು ಕಲ್ಲಿನ ಮೇಲೆ ಬೀಳುವ ಸದ್ದು ಬರುತ್ತಿತ್ತು.

ನಡುದಾರಿಯಲ್ಲಿ ಹಾಲವ್ವ ನಿಂತರು. ಸಾಲೆಲ್ಲ ನಿಂತಿತು. ಆ ಮುದುಕಿ, ತನ್ನ ಜನ್ಮದಲ್ಲೇ ಮೊದಲ ಸಲ ಇರಬೇಕು, ಗಂಗವ್ವನ ಕಡೆಗೆ ಹೊರಳಿ ನಿಂತರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಲ್ಲಾರೂ ಬಂದ್ರೇನು?" ಎಂದರು ಹಾಲವ್ವ.

ಅವರು ಮತ್ತೆ ಕೇಳಿದರು, ದನಿ ಏರಿಸಿ.

"ಬಂದ್ವಿ ಅತ್ತಿ," ಎಂದೆ ನಾನು. "ಕಡೀಗೆ ನಾ ಅದೀನಿ."

ಹಾಲವ್ವ ನನ್ನನ್ನು ನೋಡಲಿಲ್ಲ. ನನ್ನ ಹೆಗಲ ಮೇಲಿಂದ, ನನ್ನ ಹಿಂದೆ, ಒದ್ದೆ ನೆಲದ ಕಡೆ ನೋಡುತ್ತ ನಿಂತರು. ಸುಮಾಳ ಬಿಂದಿಗೆ ತುಳುಕುವವರೆಗೂ ಹಾಗೇ ನಿಂತಿದ್ದರು.